ಪದಕ ಕೊಟ್ಟ ಪೀಠವೇ? ಟಾಸ್ಕರ್ ವಾಟ್ಕಿನ್ಸ್ ಕುರಿತು ಓದುಗರಿಗೆ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ವೇಲ್ಸಿನ ರಾಜಧಾನಿ ಕಾರ್ಡಿಫ್‌ನ ಪ್ರವಾಸ ಲೇಖನದಲ್ಲಿ ಅಲ್ಲಿನ ರಗ್ಬಿ ಕ್ರೀಡಾಂಗಣದ ಹೊರಗಿರುವ ಕಂಚಿನ ಪ್ರತಿಮೆಯೊಂದರ ಚಿತ್ರವನ್ನು ಅಚ್ಚು ಹಾಕಿ, ಅದರ ಕೆಳಗೆ ‘ವಿಕ್ಟೋರಿಯಾ ಕ್ರಾಸ್ ಪಡೆದ ಯೋಧ, ಮುಂದೆ ಹೈಕೋರ್ಟ್ ನ್ಯಾಯಮೂರ್ತಿಯಾದ ಸರ್ ಟಾಸ್ಕರ್ ವಾಟ್ಕಿನ್ಸ್’ ಎಂದು ಒಂದು ಸಾಲು ಕೊಟ್ಟಿದ್ದೆವು. ವಿಕ್ಟೋರಿಯಾ ಕ್ರಾಸ್ ಎಂದರೆ ಯುದ್ಧದ ಶೌರ್ಯಕ್ಕೆ ಬ್ರಿಟನ್ ಕೊಡುವ ಅತ್ಯುನ್ನತ ಪದಕ. ಆ ಸಾಲು ತಮ್ಮನ್ನು ಕೆಣಕಿದೆ. ಶೌರ್ಯಕ್ಕೆ ಬಹುಮಾನವಾಗಿ ನ್ಯಾಯಪೀಠವನ್ನು ಕೊಡುವುದು ಯಾವ ಸೀಮೆಯ ನ್ಯಾಯ ಎಂದು ತಾವು ಶಿವಮೊಗ್ಗದಿಂದ ಬರೆದ ಪತ್ರದಲ್ಲಿ ಕೇಳಿದ್ದೀರಿ. ಬಯೊನೆಟ್‌ನಿಂದ ಮನುಷ್ಯರನ್ನು ಇರಿದ ಕೈ ತೀರ್ಪು ಬರೆಯುವಾಗ ಮೆತ್ತಗಾದೀತೇ ಎಂಬುದು ತಮ್ಮ ಎರಡನೆಯ ಪ್ರಶ್ನೆ. ಸೇನೆಯಲ್ಲಿ ಅಲ್ಪಾವಧಿ ಸೇವೆಯ ಕ್ಯಾಪ್ಟನ್ ಆಗಿರುವ ತಮ್ಮ ಮಗ ಹೊರಬಂದ ಮೇಲೆ ಕಾನೂನು ಓದಬೇಕೆಂದಿದ್ದಾನೆ, ನಮ್ಮ ದೇಶದಲ್ಲಿ ಅಂಥವನಿಗೆ ಈ ದಾರಿ ಇದೆಯೇ ಎಂದು ಕೊನೆಯಲ್ಲಿ ವಿಚಾರಿಸಿದ್ದೀರಿ. ಮೂರಕ್ಕೂ ಉತ್ತರಿಸುವೆ. ಆದರೆ ಆ ಮನುಷ್ಯನ ಬದುಕನ್ನು ಸ್ವಲ್ಪ ವಿಸ್ತಾರವಾಗಿ ಹೇಳದೆ ಮೊದಲ ಎರಡಕ್ಕೆ ಉತ್ತರ ಸಿಗುವಂತಿಲ್ಲ.

ಟಾಸ್ಕರ್ ವಾಟ್ಕಿನ್ಸ್ ಹುಟ್ಟಿದ್ದು 1918ರ ನವೆಂಬರ್‌ನಲ್ಲಿ, ಮೊದಲ ಮಹಾಯುದ್ಧ ಮುಗಿದು ಒಂದು ವಾರ ಕಳೆದ ಮೇಲೆ, ದಕ್ಷಿಣ ವೇಲ್ಸಿನ ಕಲ್ಲಿದ್ದಲು ಸೀಮೆಯ ನೆಲ್ಸನ್ ಎಂಬ ಚಿಕ್ಕ ಊರಿನಲ್ಲಿ. ಎರಡನೆಯ ಮಹಾಯುದ್ಧ ಆರಂಭವಾದ ವರ್ಷವೇ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದ ಅವರು 1941ರಲ್ಲಿ ವೆಲ್ಚ್ ರೆಜಿಮೆಂಟ್‌ನ ಅಧಿಕಾರಿಯಾದರು. ಅವರನ್ನು ಹೆಸರುವಾಸಿ ಮಾಡಿದ್ದು ಒಂದು ಸಂಜೆ. 1944ರ ಆಗಸ್ಟ್ 16ರಂದು, ನಾರ್ಮಂಡಿಯ ಫಲೇಸ್ ಪಟ್ಟಣದ ಬಳಿ ಜರ್ಮನ್ ಸೇನೆಯ ಸುತ್ತ ಮಿತ್ರಪಡೆಗಳ ಬಲೆ ಬಿಗಿಯಾಗುತ್ತಿದ್ದಾಗ, ಅವರ ಕಂಪನಿಗೆ ಬಾಫೂರ್ ಎಂಬಲ್ಲಿ ರೈಲು ಹಳಿಯ ಕಡೆ ನುಗ್ಗುವ ಆದೇಶ ಬಂತು. ದಾರಿಯಲ್ಲಿ ಬೆಳೆದು ನಿಂತ ಪೈರಿನ ಬಯಲು ಹೊಲಗಳು, ಹೊಲಗಳ ತುಂಬ ಕಾಲು ತಾಗಿದರೆ ಸಿಡಿಯುವ ಸ್ಫೋಟಕಗಳು, ಎದುರಿನಿಂದ ಮಷಿನ್‌ಗನ್ನಿನ ಗುಂಡು. ಕಂಪನಿಯ ಅಧಿಕಾರಿಗಳ ಪೈಕಿ ಕೊನೆಗೆ ಉಳಿದವರು ಲೆಫ್ಟಿನೆಂಟ್ ವಾಟ್ಕಿನ್ಸ್ ಒಬ್ಬರೇ. ಆಗ ಅವರ ವಯಸ್ಸು 25.

ಮುಂದಿನದನ್ನು ಪದಕದ ಅಧಿಕೃತ ಪ್ರಕಟಣೆ ಯಾವ ಅಲಂಕಾರವೂ ಇಲ್ಲದೆ ಹೇಳುತ್ತದೆ. ಅವರು ಮುಂದೆ ನಿಂತು ಎರಡು ಕಾವಲು ನೆಲೆಗಳ ಮೇಲೆ ಒಂದಾದ ಮೇಲೊಂದರಂತೆ ಎರಗಿದರು. ಮೂರನೆಯ ಕಡೆ ಟ್ಯಾಂಕ್ ನಿರೋಧಕ ಫಿರಂಗಿಯ ಹಿಂದೆ ಒಬ್ಬ ಜರ್ಮನ್ ಸೈನಿಕನಿದ್ದ. ವಾಟ್ಕಿನ್ಸರ ಸ್ಟೆನ್ ಗನ್ ಅದೇ ಗಳಿಗೆಗೆ ಕಚ್ಚಿಕೊಂಡಿತು. ಅವರು ಅದನ್ನೇ ಆತನ ಮುಖಕ್ಕೆ ಎಸೆದು, ಆತ ಸಾವರಿಸಿಕೊಳ್ಳುವ ಮೊದಲೇ ಪಿಸ್ತೂಲಿನಿಂದ ಗುಂಡಿಕ್ಕಿದರು. ಆ ಹೊತ್ತಿಗೆ ಕಂಪನಿಯಲ್ಲಿ ಸುಮಾರು 30 ಜನ ಉಳಿದಿದ್ದರು. ಅವರ ಮೇಲೆ 50 ಜನರ ಪ್ರತಿದಾಳಿ ನಡೆದಾಗ ತಾವು ಪ್ರಸ್ತಾಪಿಸಿದ ಆ ಬಯೊನೆಟ್ ದಾಳಿ ನಡೆಯಿತು. ಕತ್ತಲಾಗುವ ಹೊತ್ತಿಗೆ ಉಳಿದ ಪಡೆಗೆ ಹಿಂದಕ್ಕೆ ಸರಿಯುವ ಆದೇಶ ಹೋಗಿತ್ತು. ಇವರ ವೈರ್‌ಲೆಸ್ ಹಾಳಾಗಿದ್ದರಿಂದ ಅದು ಇವರನ್ನು ಮುಟ್ಟಲೇ ಇಲ್ಲ. ಶತ್ರುಗಳ ನಡುವೆ ಒಂಟಿಯಾದ ಆ ಗುಂಪನ್ನು ಅವರು ಹೊಲಗಳ ಮೂಲಕ ಸುತ್ತಿಸಿ ಕರೆತರುವಾಗ ತೀರಾ ಹತ್ತಿರದಿಂದ ಒಂದು ಕಾವಲು ನೆಲೆ ತಡೆಯಿತು. ತಮ್ಮವರಿಗೆ ಚದುರಿಹೋಗಲು ಹೇಳಿ, ತಾವೊಬ್ಬರೇ ಬ್ರೆನ್ ಗನ್ ಹಿಡಿದು ನುಗ್ಗಿ ಆ ನೆಲೆಯನ್ನು ಅಡಗಿಸಿ, ಉಳಿದವರನ್ನು ಬೆಟಾಲಿಯನ್ನಿನ ಮುಖ್ಯ ನೆಲೆಗೆ ಮುಟ್ಟಿಸಿದರು.

ಬ್ರಿಟಿಷ್ ಅಧಿಕಾರಿಯ ಸಾಹಸಕ್ಕೆ ನಮ್ಮಲ್ಲೇಕೆ ಜಾಗ ಎಂಬ ಅಸಮಾಧಾನವೂ ತಮ್ಮ ಪತ್ರದಲ್ಲಿ ಇಣುಕಿದೆ. ಅದೇ ಬೇಸಿಗೆಯಲ್ಲಿ, ಬಾಫೂರ್ ಕಾಳಗಕ್ಕೆ ಒಂದು ತಿಂಗಳು ಮೊದಲು, 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ನಾಯಕ್ ಯಶವಂತ ಘಾಡ್ಗೆ ಎಂಬ ತರುಣ, ತನ್ನ ತುಕಡಿಯವರು ಗುಂಡಿಗೆ ಬಿದ್ದ ಮೇಲೆ ಒಬ್ಬನೇ ಮಷಿನ್‌ಗನ್ ನೆಲೆಯ ಮೇಲೆ ನುಗ್ಗಿ, ಗುಂಡು ತುಂಬಲು ಸಮಯವಿಲ್ಲದೆ ಬಂದೂಕಿನ ಹಿಡಿಯಿಂದ ಬಡಿದು ಅದನ್ನು ಗೆದ್ದುಕೊಂಡು, ಅಲ್ಲೇ ಪ್ರಾಣ ಬಿಟ್ಟಿದ್ದ. ಅವನಿಗೂ ವಿಕ್ಟೋರಿಯಾ ಕ್ರಾಸ್ ಸಂದಿತು. ಅವನ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲೇ. ಅವನ ಕುರಿತು ಪ್ರತ್ಯೇಕ ಲೇಖನ ಬರಬೇಕೆಂಬ ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ತಮ್ಮ ಪ್ರಶ್ನೆ ಯುದ್ಧದಿಂದ ಬದುಕಿ ಬಂದು ನ್ಯಾಯಪೀಠ ಏರಿದವನ ಕುರಿತಾದದ್ದು. ಘಾಡ್ಗೆಗೆ ಆ ಅವಕಾಶವೇ ಇರಲಿಲ್ಲ.

ಈಗ ತಮ್ಮ ಮೊದಲ ಪ್ರಶ್ನೆ. ಪದಕ ಬಂದದ್ದು 1944ರಲ್ಲಿ, ಹೈಕೋರ್ಟ್ ಪೀಠ ಸಿಕ್ಕಿದ್ದು 1971ರಲ್ಲಿ. ಬಹುಮಾನವಾಗಿದ್ದರೆ ಅದು 27 ವರ್ಷ ದಾರಿಯಲ್ಲಿ ಉಳಿಯುತ್ತಿರಲಿಲ್ಲ. ಯುದ್ಧ ಮುಗಿದಾಗ ಮೇಜರ್ ಆಗಿದ್ದ ವಾಟ್ಕಿನ್ಸ್ ಕಾನೂನು ಓದಿ, 1948ರಲ್ಲಿ ಲಂಡನ್ನಿನ ವಕೀಲರ ಸಂಸ್ಥೆಗಳಲ್ಲೊಂದಾದ ಮಿಡಲ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆಗಿ, ತಮ್ಮ ಪ್ರಾಂತ್ಯಕ್ಕೇ ಮರಳಿ ವೇಲ್ಸ್ ಮತ್ತು ಚೆಸ್ಟರ್ ಸರ್ಕಿಟ್‌ನಲ್ಲಿ, ಅಂದರೆ ನ್ಯಾಯಮೂರ್ತಿಗಳು ಊರಿಂದೂರಿಗೆ ಬಂದು ಕೂರುವ ನ್ಯಾಯಾಂಗ ವಲಯದಲ್ಲಿ, ವಕೀಲಿ ಆರಂಭಿಸಿದರು. ನಮ್ಮಲ್ಲಿನ ‘ಹಿರಿಯ ವಕೀಲ’ ಮನ್ನಣೆಗೆ ಸಮನಾದ ಕ್ವೀನ್ಸ್ ಕೌನ್ಸೆಲ್ ಪದವಿ ಸಿಗಲು 17 ವರ್ಷ ಹಿಡಿಯಿತು, ಅದು 1965ರಲ್ಲಿ. ನಡುವೆ ಕಾರ್ಮಾರ್ಥನ್‌ನಂಥ ಜಿಲ್ಲಾ ಮಟ್ಟದ ಕೋರ್ಟುಗಳಲ್ಲಿ ಅರೆಕಾಲಿಕವಾಗಿ ಕೂತು ಕ್ರಿಮಿನಲ್ ಮೊಕದ್ದಮೆಗಳನ್ನು ವಿಚಾರಿಸಿದರು. 1968ರಿಂದ ಮರ್ಥರ್ ಟಿಡ್ವಿಲ್‌ನ, ಆಮೇಲೆ ಸ್ವಾನ್ಸೀಯ ರೆಕಾರ್ಡರ್ ಆದರು; ರೆಕಾರ್ಡರ್ ಎಂದರೆ ವಕೀಲಿ ಮಾಡುತ್ತಲೇ ನಿಗದಿತ ಅವಧಿಗೆ ನ್ಯಾಯಾಧೀಶನಾಗಿ ಕೂರುವವನು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವರನ್ನು ಪದಕ ಎತ್ತಿ ಕೂರಿಸಿತು ಎನ್ನಲಾಗದು. ಅದು ಒಂದೆರಡು ಬಾಗಿಲು ತೆರೆಸಿರಬಹುದು. ಹೆಸರಿನ ಕೊನೆಗೆ ವಿ.ಸಿ. (ವಿಕ್ಟೋರಿಯಾ ಕ್ರಾಸ್) ಎಂಬ ಎರಡಕ್ಷರ ಇರುವ ವಕೀಲನನ್ನು ಕಾರ್ಡಿಫ್‌ನ ಯಾವ ಜ್ಯೂರಿಯೂ ಹಗುರವಾಗಿ ನೋಡಿರಲಾರದು. ಅಷ್ಟನ್ನು ಒಪ್ಪಿಕೊಳ್ಳೋಣ. ಇನ್ನೊಂದು ಸಂಗತಿಯೂ ಇದೆ. ಆ ಕಾಲದ ಇಂಗ್ಲೆಂಡಿನಲ್ಲಿ ಮಾಜಿ ಸೈನಿಕ ನ್ಯಾಯಾಧೀಶರಾಗುವುದು ವಿಶೇಷವೇನಾಗಿರಲಿಲ್ಲ. ಹೆಸರಾಂತ ನ್ಯಾಯಮೂರ್ತಿ ಲಾರ್ಡ್ ಡೆನ್ನಿಂಗ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಎಂಜಿನಿಯರ್ ದಳದ ಅಧಿಕಾರಿಯಾಗಿದ್ದವರು. 1980ರಿಂದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಲಾರ್ಡ್ ಲೇನ್ ಎರಡನೆಯ ಯುದ್ಧದ ವಾಯುಪಡೆಯ ಪೈಲಟ್. ಒಂದು ತಲೆಮಾರಿಗೆ ತಲೆಮಾರೇ ಯುದ್ಧಕ್ಕೆ ಹೋಗಿತ್ತು, ವಕೀಲರೂ ಅದರೊಳಗಿನವರೇ.

ಪೀಠಕ್ಕೆ ಬರುವ ಮೊದಲಿನ ಅವರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ವೇಲ್ಸಿನ ಅಬರ್‌ಫಾನ್ ಎಂಬ ಊರಿನ ದುರಂತದ ವಿಚಾರಣೆ. 1966ರ ಅಕ್ಟೋಬರ್ 21ರ ಬೆಳಿಗ್ಗೆ, ಶಾಲೆ ಆಗತಾನೇ ಶುರುವಾಗಿದ್ದಾಗ, ಬೆಟ್ಟದ ಮೇಲೆ ಸುರಿದಿದ್ದ ಗಣಿ ತ್ಯಾಜ್ಯದ ಏಳನೆಯ ದಿಬ್ಬ ಕೆಸರಾಗಿ ಜಾರಿ ಪಾಂಟ್‌ಗ್ಲಾಸ್ ಪ್ರಾಥಮಿಕ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ವಾಟ್ಕಿನ್ಸ್ ಹುಟ್ಟಿದ ನೆಲ್ಸನ್‌ನಿಂದ ಆ ಊರು ಕೆಲವೇ ಮೈಲಿ. ಅಪೀಲು ನ್ಯಾಯಮೂರ್ತಿ ಎಡ್ಮಂಡ್ ಡೇವಿಸ್ ಅಧ್ಯಕ್ಷತೆಯ ವಿಚಾರಣಾ ಮಂಡಳಿಯ ಪರವಾಗಿ ಅಟಾರ್ನಿ ಜನರಲ್ ಎಲ್ವಿನ್ ಜೋನ್ಸ್ ಅವರೊಂದಿಗೆ ಹಾಜರಾದ ವಕೀಲರು ವಾಟ್ಕಿನ್ಸ್. ವಿಚಾರಣಾ ಮಂಡಳಿಯ ವಕೀಲರಿಗೆ ಕಕ್ಷಿದಾರರಿರುವುದಿಲ್ಲ. ಸಾಕ್ಷಿಗಳನ್ನೂ ಕಾಗದಗಳನ್ನೂ ಒಂದು ಕ್ರಮಕ್ಕೆ ತಂದು, ಸತ್ಯ ಹೊರಬರುವಂತೆ ಪ್ರಶ್ನೆ ಹಾಕುವುದು ಅವರ ಕೆಲಸ. 76 ದಿನ ಕಲಾಪ ನಡೆಯಿತು, 136 ಸಾಕ್ಷಿಗಳ ಹೇಳಿಕೆಯಾಯಿತು. ದಿಬ್ಬದ ಅಡಿಯಲ್ಲಿ ನೀರಿನ ಒರತೆ ಇದ್ದದ್ದು ಯಾರಿಗೂ ತಿಳಿದಿರಲಿಲ್ಲ ಎಂಬುದು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರ ಮೊದಲ ಮಾತಾಗಿತ್ತು. ಊರಿನ ಜನಕ್ಕೆ ಅದು ಗೊತ್ತಿತ್ತು, ಸರ್ಕಾರಿ ನಕಾಶೆಗಳಲ್ಲಿ ಹಳ್ಳಗಳ ಗುರುತೂ ಇತ್ತು. ಕಲಾಪ ಮುಗಿಯುತ್ತಾ ಬಂದಾಗ ಆ ಅಧ್ಯಕ್ಷರೇ ಬಂದು ತಪ್ಪು ಕಲ್ಲಿದ್ದಲು ಮಂಡಳಿಯದೆಂದು ಒಪ್ಪಿಕೊಳ್ಳಬೇಕಾಯಿತು. 1967ರ ಆಗಸ್ಟ್‌ನಲ್ಲಿ ಹೊರಬಂದ ವರದಿ ಹೊಣೆಯನ್ನು ಕಲ್ಲಿದ್ದಲು ಮಂಡಳಿಯ ಮೇಲೆಯೇ ಹೊರಿಸಿ, ತಪ್ಪಿತಸ್ಥ ನೌಕರರ ಹೆಸರುಗಳನ್ನೂ ಬರೆಯಿತು. ಆದರೂ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಉಳಿದ ದಿಬ್ಬಗಳನ್ನು ತೆಗೆಸುವುದಕ್ಕೆ ಸಂತ್ರಸ್ತರ ಪರಿಹಾರ ನಿಧಿಯಿಂದಲೇ 1,50,000 ಪೌಂಡ್ ಕಿತ್ತುಕೊಳ್ಳಲಾಯಿತು. ಆ ಹಣವನ್ನು ಸರ್ಕಾರ ಹಿಂದಿರುಗಿಸಿದ್ದು 1997ರಲ್ಲಿ. ಮಕ್ಕಳನ್ನು ಕಳೆದುಕೊಂಡವರಿಗಾಗಿ ಬಂದ ಚಂದಾ ಹಣಕ್ಕೆ ಕೈ ಹಾಕಿದ ಆ ನಿರ್ಧಾರದ ಬಗ್ಗೆ ಓದುವಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ. ಅದು ವಿಚಾರಣೆ ನಡೆಸಿದವರ ಕೈಮೀರಿದ ವಿಷಯ ಎಂಬುದು ಬೇರೆ ಮಾತು.

ಇಂಗ್ಲೆಂಡ್ ಮತ್ತು ವೇಲ್ಸ್ ಎರಡಕ್ಕೂ ಸೇರಿ ಇರುವುದು ಒಂದೇ ಹೈಕೋರ್ಟ್, ನಮ್ಮಲ್ಲಿನಂತೆ ರಾಜ್ಯಕ್ಕೊಂದಲ್ಲ. ಅದಕ್ಕೆ ವಿಭಾಗಗಳಿವೆ, ಅದರ ನ್ಯಾಯಮೂರ್ತಿಗಳು ಸರ್ಕಿಟ್ ಊರುಗಳಿಗೆ ಹೋಗಿ ಗಂಭೀರ ಮೊಕದ್ದಮೆಗಳನ್ನು ನಡೆಸುತ್ತಾರೆ. ವಾಟ್ಕಿನ್ಸ್‌ರನ್ನು 1971ರಲ್ಲಿ ಹಾಕಿದ್ದು ಕೌಟುಂಬಿಕ ವಿಭಾಗಕ್ಕೆ. ತಮ್ಮ ಎರಡನೆಯ ಪ್ರಶ್ನೆಯ ಬೆಳಕಿನಲ್ಲಿ ಇದನ್ನು ನೋಡಬೇಕು. ಬಾಫೂರ್‌ನ ಹೊಲಗಳಲ್ಲಿ ಕಾದಾಡಿದವರು ಪೀಠದಲ್ಲಿ ಮೊದಲು ಎದುರಿಸಿದ್ದು ಮುರಿದ ಮದುವೆಗಳನ್ನು, ಮಗು ಯಾರ ಬಳಿ ಇರಬೇಕೆಂಬ ತಕರಾರುಗಳನ್ನು. ಆ ವರ್ಷದ ಜನವರಿಯಿಂದಷ್ಟೇ ಹೊಸ ವಿಚ್ಛೇದನ ಕಾಯಿದೆ ಜಾರಿಗೆ ಬಂದು ಅರ್ಜಿಗಳು ಏರುತ್ತಿದ್ದ ಕಾಲ ಅದು. 1974ರಲ್ಲಿ ಸಿವಿಲ್ ಮತ್ತು ಕ್ರಿಮಿನಲ್ ಮೊಕದ್ದಮೆಗಳನ್ನು ನೋಡುವ ಕ್ವೀನ್ಸ್ ಬೆಂಚ್ ವಿಭಾಗಕ್ಕೆ ಬಂದರು. 1975ರಿಂದ ಐದು ವರ್ಷ ವೇಲ್ಸ್ ಮತ್ತು ಚೆಸ್ಟರ್ ಸರ್ಕಿಟ್‌ನ ಆಡಳಿತ ನೋಡಿಕೊಳ್ಳುವ ನ್ಯಾಯಮೂರ್ತಿಯಾಗಿದ್ದರು. 1980ರಲ್ಲಿ ಅಪೀಲು ನ್ಯಾಯಾಲಯಕ್ಕೆ ಏರಿದರು. 1983ರಲ್ಲಿ ಎಲ್ಲ ಸರ್ಕಿಟ್‌ಗಳ ಮೇಲ್ವಿಚಾರಣೆಯ ಹೊಣೆ ಹೊತ್ತರು. 1988ರಿಂದ 1993ರಲ್ಲಿ ನಿವೃತ್ತರಾಗುವ ತನಕ ಉಪ ಮುಖ್ಯ ನ್ಯಾಯಮೂರ್ತಿ.

ಹುದ್ದೆಗಳ ಪಟ್ಟಿ ನ್ಯಾಯಾಧೀಶ ಎಂಥವನೆಂದು ಹೇಳುವುದಿಲ್ಲ. ಅದಕ್ಕೆ ತೀರ್ಪು ತೆಗೆದು ನೋಡಬೇಕು. 1980ರ ದಶಕದ ನಡುವೆ ಅವರ ಮುಂದೆ ಫೆಲಿಕ್ಸ್‌ಸ್ಟೋ ಎಂಬ ಕಡಲ ತೀರದ ಊರಿನಿಂದ ಒಂದು ಪ್ರಕರಣ ಬಂತು. ಇಂಗ್ಲೆಂಡಿನಲ್ಲಿ ಕೆಳಹಂತದ ಬಹುಪಾಲು ಕ್ರಿಮಿನಲ್ ಪ್ರಕರಣಗಳನ್ನು ನಡೆಸುವವರು ಜೆ.ಪಿ.ಗಳು (ಜಸ್ಟಿಸ್ ಆಫ್ ದಿ ಪೀಸ್), ಅಂದರೆ ಸಂಬಳವಿಲ್ಲದೆ ಕೂರುವ ಸ್ಥಳೀಯ ಗಣ್ಯರು. ಒಂದು ಪ್ರಕರಣವನ್ನು ವಿಚಾರಿಸಿದ ಜೆ.ಪಿ.ಗಳು ಯಾರು ಎಂದು ಲಂಡನ್ನಿನ ಪತ್ರಕರ್ತರೊಬ್ಬರು ಕೇಳಿದರೆ, ಕೋರ್ಟಿನ ಗುಮಾಸ್ತರು ಹೆಸರು ಹೇಳಲು ನಿರಾಕರಿಸಿದರು. ಹೆಸರು ಬಯಲಾದರೆ ಜೆ.ಪಿ.ಗಳಿಗೆ ಕಿರುಕುಳವಾಗುತ್ತದೆ, ಆದ್ದರಿಂದ ಹೇಳದಿರುವುದೇ ತಮ್ಮ ಪದ್ಧತಿ ಎಂಬುದು ಅವರ ನಿಲುವು. ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುವ ವಾದ. ವಾಟ್ಕಿನ್ಸ್ ಒಪ್ಪಲಿಲ್ಲ. ಹೆಸರಿಲ್ಲದ ಜೆ.ಪಿ. ಎಂಬ ವ್ಯಕ್ತಿ ಕಾನೂನಿಗೆ ಪರಿಚಯವೇ ಇಲ್ಲ ಎಂದು ಬರೆದರು. ತೀರ್ಪು ಕೊಡುವವನು ಯಾರೆಂದು ಜನಕ್ಕೆ ತಿಳಿಯದಿದ್ದರೆ ತೆರೆದ ನ್ಯಾಯಾಲಯಕ್ಕೆ ಅರ್ಥವಿಲ್ಲ ಎಂಬುದು ಅವರ ವಾದದ ತಿರುಳು. ಆ ಪದ್ಧತಿಯೇ ಕಾನೂನುಬಾಹಿರ ಎಂದು ಘೋಷಣೆಯಾಯಿತು. ತಾನೇ ಒಬ್ಬ ನ್ಯಾಯಾಧೀಶನಾಗಿ, ಉಳಿದ ನ್ಯಾಯಾಧೀಶರಿಗೆ ಅನುಕೂಲವಾಗುವ ಮರೆಯನ್ನು ಕಿತ್ತುಹಾಕುವುದು ಸುಲಭವಲ್ಲ. ಗುಂಡಿನ ಎದುರು ತಾನು ಮುಂದೆ ನಿಂತವನಿಗೆ, ತೀರ್ಪಿನ ಹಿಂದೆ ಹೆಸರು ಮರೆಸಿ ಕೂರುವವರ ಬಗ್ಗೆ ಹೆಚ್ಚು ಮರುಕ ಇರಲಿಲ್ಲವೇನೋ. ಇದು ನನ್ನ ಊಹೆ, ತೀರ್ಪಿನಲ್ಲಿ ಅಂಥ ಮಾತಿಲ್ಲ.

ನನಗೆ ಅಷ್ಟು ಸಮಾಧಾನ ಕೊಡದ ತೀರ್ಪೂ ಒಂದಿದೆ. 1990ರಲ್ಲಿ, ಇಸ್ಲಾಂ ಧರ್ಮವನ್ನು ನಿಂದಿಸಿದ್ದೆಂಬ ಆರೋಪ ಹೊತ್ತ ಕಾದಂಬರಿಯೊಂದರ ಲೇಖಕ ಮತ್ತು ಪ್ರಕಾಶಕರ ಮೇಲೆ ದೈವನಿಂದೆಯ ಮೊಕದ್ದಮೆ ನಡೆಸಬೇಕೆಂದು ಬ್ರಿಟನ್ನಿನ ಮುಸ್ಲಿಮರೊಬ್ಬರು ಕೋರ್ಟಿಗೆ ಹೋದಾಗ, ವಾಟ್ಕಿನ್ಸ್ ನೇತೃತ್ವದ ಪೀಠ ಇಂಗ್ಲಿಷ್ ದೈವನಿಂದೆ ಕಾನೂನು ಕ್ರೈಸ್ತ ಧರ್ಮಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ, ಅದನ್ನು ಹಿಗ್ಗಿಸುವ ಕೆಲಸ ಸಂಸತ್ತಿನದೇ ಹೊರತು ನ್ಯಾಯಾಲಯದ್ದಲ್ಲ ಎಂದಿತು. ಬರಹಗಾರನ ಮೇಲೆ ಮೊಕದ್ದಮೆ ನಡೆಯಲಿಲ್ಲ ಎಂಬುದು ಪತ್ರಿಕೆ ನಡೆಸುವ ನನಗೆ ಸಂತೋಷದ ವಿಷಯವೇ. ಆದರೆ ಒಂದು ಧರ್ಮದವರಿಗೆ ಇದೆ, ಉಳಿದವರಿಗೆ ಇಲ್ಲ ಎಂಬ ಕಾನೂನನ್ನು ಇದ್ದಂತೆಯೇ ಬಿಟ್ಟ ಆ ತೀರ್ಪಿನಲ್ಲಿ ಎಚ್ಚರಿಕೆ ಕಾಣುತ್ತದೆ, ನೆಮ್ಮದಿ ಕಾಣುವುದಿಲ್ಲ. ಎಲ್ಲ ಧರ್ಮಗಳಿಗೂ ಅನ್ವಯಿಸುವ 295ಎ ಕಲಮನ್ನು ನಮ್ಮ ಹಿಂದಿನ ದಂಡ ಸಂಹಿತೆಗೆ 1927ರಲ್ಲೇ ಸೇರಿಸಿದ್ದರು. ಅದರಿಂದ ನಮ್ಮಲ್ಲಿ ಏನೇನಾಗಿದೆ ಎಂಬುದೂ ತಮಗೆ ಗೊತ್ತಿರುವುದರಿಂದ, ಹಿಗ್ಗಿಸಿದ್ದರೆ ಒಳ್ಳೆಯದಾಗುತ್ತಿತ್ತು ಎಂದು ನಾನು ಹೇಳಲಾರೆ. ಇಂಗ್ಲೆಂಡ್ ಕೊನೆಗೆ 2008ರಲ್ಲಿ ಆ ಅಪರಾಧವನ್ನೇ ರದ್ದು ಮಾಡಿತು.

ಇನ್ನು ಕೊಂದ ಕೈ ಮತ್ತು ಮರುಕದ ಪ್ರಶ್ನೆ. ಅದಕ್ಕೆ ಅವರದೇ ಉತ್ತರವಿದೆ. ಪದಕದ ಬಗ್ಗೆ ತುಂಬ ಕಾಲ ಬಾಯಿ ಬಿಡದಿದ್ದ ವಾಟ್ಕಿನ್ಸ್, 82ರ ವಯಸ್ಸಿನ ಹೊತ್ತಿಗೆ, 2001ರ ಸಂದರ್ಶನವೊಂದರಲ್ಲಿ ಆ ದಿನದ ಕುರಿತು ಮಾತಾಡಿದರು. ಸೈನಿಕನ ಬದುಕಿನಲ್ಲಿ ಅದೂ ಒಂದು ದಿನ ಅಷ್ಟೇ, ಗೆಳೆಯರಿಗಾಗಿ ಮಾಡಬೇಕಾದ್ದನ್ನು ಮಾಡಿದೆ, ಮರುದಿನ ಎದ್ದಾಗ ನಾನು ಹೆಚ್ಚು ಒಳ್ಳೆಯವನೋ ಧೈರ್ಯವಂತನೋ ಆಗಿರಲಿಲ್ಲ, ಬೇರೆಯವನಾಗಿದ್ದೆ ಎಂದರು. ಯಾರೂ ನೋಡಬಾರದಷ್ಟು ಸಾವನ್ನು ಒಂದೇ ದಿನದಲ್ಲಿ ನೋಡಿದ್ದಾಗಿಯೂ, ತಾನೂ ಅದರ ಪಾಲುದಾರನೇ ಆಗಿದ್ದುದಾಗಿಯೂ ಹೇಳಿ, ಅಲ್ಲಿಂದ ಮುಂದೆ ಸಹಮಾನವರನ್ನು ಹೆಚ್ಚು ಕಾಳಜಿಯಿಂದ ನೋಡಲು ಯತ್ನಿಸಿದ್ದೇನೆ, ಅದರಲ್ಲಿ ಎದುರಾಳಿಯೂ ಸೇರುತ್ತಾನೆ ಎಂದರು. ಯುದ್ಧ ಮನುಷ್ಯನನ್ನು ಒರಟು ಮಾಡುತ್ತದೆ ಎಂಬ ತಮ್ಮ ಮಾತು ಸುಳ್ಳಲ್ಲ. ಎಷ್ಟೋ ಜನರ ವಿಷಯದಲ್ಲಿ ಅದು ನಿಜವೇ ಆಗಿದೆ. ಆದರೆ ‘ಪಾಲುದಾರ’ನಾಗಿದ್ದೆ ಎಂದು ತನ್ನ ಮೇಲೇ ಹೊಣೆ ಹಾಕಿಕೊಂಡು ಮಾತಾಡುವ ಮನುಷ್ಯ ಕೊಂದದ್ದನ್ನು ಮರೆತವನಲ್ಲ, ಅದರಲ್ಲಿ ಹೆಮ್ಮೆ ಪಟ್ಟವನೂ ಅಲ್ಲ. ಅಂಥವನ ಮುಂದೆ ಆರೋಪಿಯಾಗಿ ನಿಲ್ಲಬೇಕಾಗಿ ಬಂದರೆ ನಾನಂತೂ ಹಿಂಜರಿಯುವುದಿಲ್ಲ.

ಪ್ರತಿಮೆ ಕ್ರೀಡಾಂಗಣದ ಮುಂದೆ ಏಕಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ತರುಣನಾಗಿದ್ದಾಗ ರಗ್ಬಿ ಆಡಿದ್ದ ವಾಟ್ಕಿನ್ಸ್ ನಿವೃತ್ತಿಯ ವರ್ಷವೇ ವೇಲ್ಸ್ ರಗ್ಬಿ ಒಕ್ಕೂಟದ ಅಧ್ಯಕ್ಷರಾಗಿ 2004ರವರೆಗೆ ಇದ್ದರು. 1995ರಲ್ಲಿ ಆಟ ಹವ್ಯಾಸದಿಂದ ವೃತ್ತಿಗೆ ತಿರುಗಿದ್ದೂ, 1999ರಲ್ಲಿ ಕಾರ್ಡಿಫ್‌ನ ಹೊಸ ಕ್ರೀಡಾಂಗಣದಲ್ಲಿ ವಿಶ್ವಕಪ್ ನಡೆದದ್ದೂ ಅವರ ಅವಧಿಯಲ್ಲೇ. 2007ರ ಸೆಪ್ಟೆಂಬರ್‌ನಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪ್ರತಿಮೆ ನಿಂತದ್ದು 2009ರಲ್ಲಿ.

ಕೊನೆಯದಾಗಿ ತಮ್ಮ ಮಗನ ವಿಷಯ. ದಾರಿ ಇದೆ, ಆದರೆ ಅದು ಸೇನೆಯಿಂದ ನೇರವಾಗಿ ಹೋಗುವ ದಾರಿಯಲ್ಲ. ನಮ್ಮ ಸಂವಿಧಾನದ 217ನೇ ವಿಧಿಯ ಪ್ರಕಾರ ಹೈಕೋರ್ಟ್ ನ್ಯಾಯಮೂರ್ತಿಯಾಗಲು ಹೈಕೋರ್ಟ್ ವಕೀಲರಾಗಿ ಕನಿಷ್ಠ ಹತ್ತು ವರ್ಷ ಇರಬೇಕು, ಇಲ್ಲವೇ ಅಷ್ಟೇ ವರ್ಷ ನ್ಯಾಯಾಂಗ ಹುದ್ದೆಯಲ್ಲಿರಬೇಕು. ಪದವೀಧರನಾದ ಅವನಿಗೆ ಕಾನೂನು ಪದವಿಗೆ ಮೂರು ವರ್ಷ ಸಾಕು. ಮೂವತ್ತೈದರ ಸುಮಾರಿಗೆ ಸೇನೆಯಿಂದ ಬಂದರೂ ನಲವತ್ತೆಂಟರ ಆಸುಪಾಸಿನಲ್ಲಿ ಆ ಹತ್ತು ವರ್ಷ ತುಂಬುತ್ತದೆ. ವಾಟ್ಕಿನ್ಸ್ ಪೀಠಕ್ಕೆ ಬಂದಾಗ ಅವರಿಗೆ 52 ಆಗಿತ್ತು, ನಮ್ಮಲ್ಲಿ ನಿವೃತ್ತಿ 62ಕ್ಕೆ. ಇದಲ್ಲದೆ 2007ರ ಕಾಯಿದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ನಿವೃತ್ತ ನ್ಯಾಯಮೂರ್ತಿಯ ಪಕ್ಕದಲ್ಲಿ ಸೇನೆಯ ಹಿರಿಯ ಅಧಿಕಾರಿಗಳು ಆಡಳಿತ ಸದಸ್ಯರಾಗಿ ಕೂರುತ್ತಾರೆ. ಆದರೆ ಅದು ಮೇಜರ್ ಜನರಲ್ ಮಟ್ಟದವರಿಗೆ ಸಿಗುವಂಥದ್ದು, ಕ್ಯಾಪ್ಟನ್‌ಗೆ ಎಟುಕುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಿ: ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲ. ಬಿಡುಗಡೆಯ ಕಾಗದ ಕೈಗೆ ಬಂದು, ಪದವಿ ಮುಗಿದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಪಾಸು ಮಾಡಿಕೊಳ್ಳಲಿ. ಶಿವಮೊಗ್ಗದ ಜಿಲ್ಲಾ ಕೋರ್ಟಿನಲ್ಲಿ ಯಾರಾದರೂ ಹಿರಿಯರ ಕೈಕೆಳಗೆ ಒಂದೆರಡು ವರ್ಷ ಕಳೆದು ಆಮೇಲೆ ಬೆಂಗಳೂರಿನ ಯೋಚನೆ ಮಾಡಿದರೆ ತಡವಾಯಿತೆಂದು ಯಾರೂ ಹೇಳುವುದಿಲ್ಲ.

ತಮ್ಮ ವಿಶ್ವಾಸಿ,
ಸಂಪಾದಕ